ಮೋಟಾರು ಗಾಡಿಯ ರೋಗನಿದಾನ

ಕಾರಿನ ಚಾಲಕನ ಕಣ್ಣೆದುರಿಗಿರುವ ಫಲಕದಲ್ಲಿ ಎಂಜಿನ್ನಿನ ಆಕಾರದ ಒಂದು ಹಳದಿ ದೀಪವುಂಟು. ಬೀಗದ ಕೈಯನ್ನು ತಿರುಗಿಸಿದೊಡನೆ ಅದು ಹೊತ್ತಿಕೊಳ್ಳುವುದು. ಎಂಜಿನ್ನು ನಡೆಯಲಾರಂಭಿಸಿದ ಮೇಲೆ ಆರಿಹೋಗುವುದು. ಹಾಗೆ ಆರದೆ ಉಳಿದರೆ, ಅಥವಾ ದಾರಿಯ ನಡುವೆ ತಾನಾಗಿ ಹೊತ್ತಿಕೊಂಡರೆ, ಗೃಹಸ್ಥನ ಮನಸ್ಸಿನಲ್ಲಿ ಎರಡರಲ್ಲೊಂದು ಭಾವವು ಹುಟ್ಟುವುದನ್ನು ಕಂಡಿದ್ದೇನೆ. "ಗಾಡಿ ಓಡುತ್ತಲೇ ಇದೆಯಲ್ಲ" ಎಂಬ ಉದಾಸೀನ ಒಂದು. "ಎಷ್ಟು ಸಾವಿರಕ್ಕೆ ಬಂತೋ" ಎಂಬ ಭೀತಿ ಇನ್ನೊಂದು. ಎರಡೂ ಆ ದೀಪವು ಹೇಳುವ ಮಾತನ್ನು ಕೇಳದೆ ಹುಟ್ಟಿದವು. ಅಂಬಾಜಿದುರ್ಗದ ಸುತ್ತಣ ನಮ್ಮ ಸೀಮೆಯಲ್ಲಿ ಈಗ ಕಾರಿಲ್ಲದ ಹಳ್ಳಿ ವಿರಳ. ಕೆಲವರಿಗೆ ಅದು ಅನುಕೂಲದ ವಸ್ತು. ಬಾಡಿಗೆಗೆ ಓಡಿಸುವವರಿಗೆ ಅದೇ ಅನ್ನ. ಅರ್ಧರಾತ್ರಿಯಲ್ಲಿ ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದಾಗ ಊರಿಗೆಲ್ಲ ಅದೇ ದಿಕ್ಕು. ಆದಕಾರಣ ಈ ತಿಂಗಳ ಅಂಕಣವನ್ನು ಆ ದೀಪದ ಭಾಷೆಗೆ ಮೀಸಲಿಟ್ಟಿದ್ದೇನೆ.

ಈ ದೀಪವು ಹುಟ್ಟಿದ್ದು ಕಾರಿನ ಒಡೆಯನ ಅನುಕೂಲಕ್ಕಾಗಿ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ ಜನರ ಕಣ್ಣುರಿಸುತ್ತಿದ್ದ ಮಬ್ಬು ಮೋಟಾರುಗಳ ಹೊಗೆಯಿಂದ ಬಿಸಿಲಿನಲ್ಲಿ ಉತ್ಪನ್ನವಾಗುವುದೆಂದು ೧೯೫೦ರ ಸುಮಾರಿಗೆ ತೋರಿಸಿಕೊಟ್ಟವನು ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ. ಅದಕ್ಕೆ ಮುಂಚೆ ಆತನು ಅನಾನಸು ಹಣ್ಣಿನ ಪರಿಮಳವನ್ನು ಪರೀಕ್ಷಿಸುತ್ತಿದ್ದನೆಂಬುದು ಸ್ವಾರಸ್ಯದ ಸಂಗತಿ. ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯ ಸರ್ಕಾರವು ಹೊಗೆಯ ಮೇಲೆ ಕಟ್ಟುಪಾಡುಗಳನ್ನು ಬಿಗಿಮಾಡುತ್ತ ಬಂದು, ಹೊಗೆ ಕೆಡುವಂತಹ ದೋಷವು ಬಂದೊಡನೆ ಗಾಡಿಯೇ ಅದನ್ನು ಕಂಡುಹಿಡಿದು ಒಡೆಯನಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ೧೯೯೬ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆಲ್ಲ ಒಂದೇ ಬಗೆಯ ಸಂಕೇತಗಳೂ ಅವನ್ನು ಓದಲು ಒಂದೇ ಬಗೆಯ ಹದಿನಾರು ಮುಳ್ಳುಗಳ ಸಾಕೆಟ್ಟೂ ಕಡ್ಡಾಯವಾದುವು. ನಮ್ಮ ದೇಶದಲ್ಲಿ ೨೦೧೩ರ ಏಪ್ರಿಲ್ ತಿಂಗಳಿಂದ ಭಾರತ್ ಸ್ಟೇಜ್ ನಾಲ್ಕರ ಕಾರುಗಳಿಗೆ ಈ ವ್ಯವಸ್ಥೆಯ ಎರಡನೆಯ ಹಂತವು ಬಂದಿತು. ೨೦೨೦ರ ಏಪ್ರಿಲ್‌ನಲ್ಲಿ ಸ್ಟೇಜ್ ಆರು ಜಾರಿಯಾದ ಮೇಲೆ ಇನ್ನೂ ಬಿಗಿಯಾಯಿತು. ಸ್ಟಿಯರಿಂಗ್ ಚಕ್ರದ ಕೆಳಗೆ, ಚಾಲಕನ ಮೊಣಕಾಲಿನ ಬಳಿ ಬಗ್ಗಿ ನೋಡಿದರೆ ಆ ಸಾಕೆಟ್ಟು ಕಾಣುವುದು.

ಸಂಕೇತದ ರಚನೆಯು ಬಹು ಅಚ್ಚುಕಟ್ಟಾದದ್ದು. ಪಿ-೦೩೦೧ ಎಂಬುದನ್ನು ತೆಗೆದುಕೊಳ್ಳಿ. ಮೊದಲ ಅಕ್ಷರವಾದ ಪಿ ಎಂಬುದು ಎಂಜಿನ್ನು ಮತ್ತು ಗೇರು ಪೆಟ್ಟಿಗೆಗೆ ಸಂಬಂಧಪಟ್ಟದ್ದೆಂದು ಹೇಳುವುದು. (ಬಿ ಎಂದರೆ ಗಾಡಿಯ ಮೈ, ಸಿ ಎಂದರೆ ಬ್ರೇಕು ಮುಂತಾದ ಕೆಳಗಟ್ಟು, ಯು ಎಂದರೆ ಗಾಡಿಯೊಳಗಣ ಕಂಪ್ಯೂಟರುಗಳ ಪರಸ್ಪರ ಸಂಭಾಷಣೆ.) ಮುಂದಿನ ಸೊನ್ನೆಯು ಇದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತವೆಂದು ತಿಳಿಸುವುದು, ಅಲ್ಲಿ ಒಂದು ಎಂದಿದ್ದರೆ ಅದು ಆಯಾ ಕಂಪನಿಯ ಸ್ವಂತ ಪರಿಭಾಷೆ, ಬೇರೆ ಕಂಪನಿಯ ಪಟ್ಟಿಯಿಂದ ಅದನ್ನು ಅರ್ಥಮಾಡಕೂಡದು. ಮೂರು ಎಂಬುದು ಕಿಡಿ ಹೊತ್ತಿಸುವ ವಿಭಾಗ. ಕೊನೆಯ ೦೧ ಎಂಬುದು ಮೊದಲನೆಯ ಸಿಲಿಂಡರು. ಒಟ್ಟು ಅರ್ಥ: ಮೊದಲನೆಯ ಸಿಲಿಂಡರಿನಲ್ಲಿ ಇಂಧನವು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ನಮ್ಮ ಗ್ಯಾರೇಜಿನವರ ಮಾತಿನಲ್ಲಿ "ಮಿಸ್ಸಿಂಗ್". ಕಟಪಯಾದಿಯಲ್ಲಿ ಅಕ್ಷರವು ಅಂಕೆಯನ್ನು ಹೇಳುವಂತೆ ಇಲ್ಲಿ ಅಂಕೆಯು ಅರ್ಥವನ್ನು ಹೇಳುವುದು. ಎರಡಕ್ಷರದ ಪ್ರತ್ಯಾಹಾರದಲ್ಲಿ ಸ್ವರಗಳನ್ನೆಲ್ಲ ಅಡಗಿಸಿದ ಪಾಣಿನಿಯು ಇದನ್ನು ಕಂಡಿದ್ದರೆ ಅಸಮಾಧಾನಪಡುತ್ತಿರಲಿಲ್ಲ.

ಆದರೆ ಸೂತ್ರವು ಚಿಕ್ಕದಾದಷ್ಟೂ ವ್ಯಾಖ್ಯಾನದಲ್ಲಿ ಎಡವುವ ಸಂಭವ ಹೆಚ್ಚು. "ಕೋಡು ಬಂದಿದೆ, ಇಂಥ ಭಾಗ ಹೋಗಿದೆ, ಬದಲಾಯಿಸಬೇಕು" ಎಂಬ ವಾಕ್ಯವು ಈಗ ಎಲ್ಲ ಕಡೆಯೂ ಕೇಳಿಬರುತ್ತಿದೆ. ಈ ವಾಕ್ಯದಲ್ಲಿ ಮೊದಲನೆಯ ತುಂಡು ಪ್ರತ್ಯಕ್ಷ, ಎರಡನೆಯದು ಊಹೆ, ಮೂರನೆಯದು ನಮ್ಮ ಹಣ.

ಆಯುರ್ವೇದದಲ್ಲಿ ರೋಗವನ್ನು ಅರಿಯುವುದಕ್ಕೆ ಐದು ಸಾಧನಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಮಾಧವಕರನ ಗ್ರಂಥವನ್ನು ಮಾಧವನಿದಾನವೆಂದು ಕರೆಯುವುದು ವಾಚಕರಿಗೆ ತಿಳಿದೇ ಇದೆ. (ಈ ನಿದಾನವು ಅಲ್ಪಪ್ರಾಣ ದಕಾರದ್ದು, ಮೆಲ್ಲಗೆ ಎಂಬರ್ಥದ ನಿಧಾನವು ಬೇರೆ. ಗ್ಯಾರೇಜಿನಲ್ಲಿ ಎರಡೂ ಬೇಕು.) ನಿದಾನವೆಂದರೆ ರೋಗದ ಕಾರಣ. ರೂಪವೆಂದರೆ ಹೊರಗೆ ಕಾಣುವ ಲಕ್ಷಣ. ಜ್ವರವು ಮೈಯ ಬಿಸಿಯಲ್ಲಿ ಕಂಡಿತೆಂದು ಚರ್ಮವನ್ನು ಬದಲಾಯಿಸುವ ವೈದ್ಯನಿಲ್ಲ. ಕಾರಿನ ದೋಷಸಂಕೇತವು ಈ ಐದರಲ್ಲಿ ರೂಪಮಾತ್ರವೇ ಆಗಿದೆ. ಲಕ್ಷಣವು ಎಲ್ಲಿ ಕಂಡಿತೆಂಬುದನ್ನು ಅದು ಹೇಳುತ್ತದೆ. ಯಾವುದು ಕೆಟ್ಟಿತೆಂಬುದನ್ನು ಹೇಳುವುದಿಲ್ಲ. ಪೂರ್ವರೂಪವೂ ಇದರಲ್ಲುಂಟು. ಅನೇಕ ದೋಷಗಳನ್ನು ಕಂಪ್ಯೂಟರು ಒಂದು ಸಲ ಕಂಡರೆ ದೀಪ ಹಚ್ಚುವುದಿಲ್ಲ. ಗುಟ್ಟಾಗಿ ಬರೆದಿಟ್ಟುಕೊಂಡು, ಮರುಸಂಚಾರದಲ್ಲಿಯೂ ಕಂಡರೆ ಮಾತ್ರ ಹಚ್ಚುವುದು. ಸ್ಕ್ಯಾನರಿನಲ್ಲಿ ಇಂಥ ಬಾಕಿಯ ಸಂಕೇತಗಳನ್ನು ದೀಪ ಹತ್ತುವ ಮೊದಲೇ ಓದಬಹುದು. ದೋಷವು ದಾಖಲೆಯಾದ ಕ್ಷಣದಲ್ಲಿ ಎಂಜಿನ್ನು ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು, ಗಾಡಿಯ ವೇಗವೆಷ್ಟು ಎಂಬುದನ್ನೂ ಅದು ಚಿತ್ರ ತೆಗೆದಂತೆ ಹಿಡಿದಿಟ್ಟಿರುವುದು. ರೋಗವು ಬೆಳೆದ ಬಗೆಯನ್ನು, ಅಂದರೆ ಸಂಪ್ರಾಪ್ತಿಯನ್ನು, ಊಹಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಅವಸರದ ಗ್ಯಾರೇಜುಗಳಲ್ಲಿ ಯಾರೂ ಅದನ್ನು ತೆರೆದು ನೋಡುವುದೇ ಇಲ್ಲವೆಂಬುದು ವಿಷಾದದ ಸಂಗತಿ.

ನನ್ನ ಹಳೆಯ ಶಿಷ್ಯರೊಬ್ಬರು ಚಿಂತಾಮಣಿಯ ಕಡೆ ಕಡಲೆಕಾಯಿ ವ್ಯಾಪಾರದಲ್ಲಿದ್ದಾರೆ. ಅವರ ಕಾರಿನಲ್ಲಿ ದೀಪ ಹೊತ್ತಿತು. ಒಂದು ಗ್ಯಾರೇಜಿನಲ್ಲಿ ಪಿ-೦೧೧೩ ಎಂಬ ಸಂಕೇತವನ್ನು ಓದಿ, ಎಂಜಿನ್ನಿನೊಳಕ್ಕೆ ಹೋಗುವ ಗಾಳಿಯ ಶಾಖವನ್ನು ಅಳೆಯುವ ಸೆನ್ಸಾರು ಹೋಗಿದೆಯೆಂದು ತೀರ್ಮಾನಿಸಿದರು. ಆ ಗಾಡಿಯಲ್ಲಿ ಅದು ಗಾಳಿಯ ಪ್ರಮಾಣವನ್ನು ಅಳೆಯುವ ಯಂತ್ರದೊಡನೆ ಕೂಡಿಕೊಂಡಿದ್ದುದರಿಂದ ಇಡಿಯನ್ನೇ ಬದಲಾಯಿಸಿದರು. ಆಮೇಲೆ ಅವರು ನನ್ನ ಮನೆಗೆ ಬಂದಾಗ ಮುಖ ಸಪ್ಪಗಿತ್ತು.

"ಮೇಷ್ಟ್ರೇ, ಆರು ಸಾವಿರ ಸುರಿದು ಹೊಸದು ಹಾಕಿಸಿದೆ. ಎರಡೇ ದಿನ, ಮತ್ತೆ ದೀಪ ಬಂತು. ಈಗ ಕಂಪ್ಯೂಟರೇ ಹೋಗಿರಬೇಕು, ನಲವತ್ತು ಸಾವಿರ ಆಗುತ್ತೆ ಅಂತಾರೆ. ಮಗಳ ಕಾಲೇಜು ಫೀಸು ಕಟ್ಟೋ ತಿಂಗಳು ಇದು."

ನಾವಿಬ್ಬರೂ ಊರ ಹೊರಗಿನ ರಸ್ತೆಯಲ್ಲಿ ತಗಡಿನ ಚಪ್ಪರದ ಕೆಳಗೆ ಕೆಲಸಮಾಡುವ ಇನ್ನೊಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದೆವು. ಇಪ್ಪತ್ತೈದರ ಆಸುಪಾಸಿನ ಹುಡುಗ. ಅವನು ಸ್ಕ್ಯಾನರನ್ನು ಸಿಕ್ಕಿಸಿ, ಸಂಕೇತವನ್ನು ನೋಡಿದ ಮೇಲೆ, ಆ ಸೆನ್ಸಾರು ಈಗ ಹೇಳುತ್ತಿರುವ ಶಾಖವೆಷ್ಟೆಂದು ನೋಡಿದನು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ! ಹೊರಗೆ ಚೈತ್ರಮಾಸದ ನಡುಹಗಲು. (ಸೆಲ್ಸಿಯಸ್ಸಿನಲ್ಲಿಯೂ ಫ್ಯಾರನ್‌ಹೀಟಿನಲ್ಲಿಯೂ ಒಂದೇ ಅಂಕೆಯಾಗಿರುವ ಶಾಖವು ಇದೊಂದೇ ಎಂದು ಹಿಂದೆ ಮಕ್ಕಳಿಗೆ ಲೆಕ್ಕ ಕೊಡುತ್ತಿದ್ದುದು ನೆನಪಿಗೆ ಬಂತು.)

"ಗಾಡಿ ಎಲ್ಲಿ ನಿಲ್ಲಿಸ್ತೀರಣ್ಣಾ?" ಎಂದನು.

"ಶೆಡ್ಡಲ್ಲಿ. ಮೂಟೆಗಳ ಪಕ್ಕದಲ್ಲೇ."

"ಕಡಲೆಕಾಯಿ ಮೂಟೆನಾ? ಹಂಗಾದ್ರೆ ಇಲಿ ನೋಡ್ಬೇಕು."

ಈ ಮಾತು ಕುಶಾಲಿನದಲ್ಲ. ಈ ಬಗೆಯ ಸೆನ್ಸಾರಿನಲ್ಲಿ ಚಳಿ ಹೆಚ್ಚಿದಷ್ಟೂ ವಿದ್ಯುತ್ತಿಗೆ ಅಡ್ಡಿಯು ಹೆಚ್ಚುವುದು. ತಂತಿಯೇ ತುಂಡಾದರೆ ಅಡ್ಡಿಯು ಅನಂತವಾಗುವುದು. ಕಂಪ್ಯೂಟರು ಅದನ್ನು ತನ್ನ ಕೋಷ್ಟಕದ ಕಟ್ಟಕಡೆಯ ಚಳಿಯೆಂದು ಓದಿಕೊಳ್ಳುವುದು. ಆದುದರಿಂದ ಆ ಮೈನಸ್ ನಲವತ್ತು ಶಾಖದ ಮಾತಲ್ಲ, ತುಂಡಾದ ದಾರಿಯ ಮಾತು. ಹುಡುಗನು ಸೆನ್ಸಾರಿನ ಪ್ಲಗ್ಗನ್ನು ಕಳಚಿ, ಗಾಡಿಯ ಕಡೆಯ ಎರಡು ತಂತಿಗಳ ತುದಿಯನ್ನು ಒಂದು ಚೂರು ತಂತಿಯಿಂದ ಕೂಡಿಸಿದನು. ದಾರಿ ಸರಿಯಿದ್ದಿದ್ದರೆ ಅಂಕೆಯು ಒಮ್ಮೆಗೇ ಅತಿ ಬಿಸಿಗೆ ಹಾರಬೇಕಾಗಿತ್ತು. ಆಗ ದೋಷವು ಸೆನ್ಸಾರಿನದೆಂದು ಸಿದ್ಧವಾಗುತ್ತಿತ್ತು. ಅಂಕೆ ಕದಲಲಿಲ್ಲ. ನೈಯಾಯಿಕರು ಅನ್ವಯವ್ಯತಿರೇಕವೆಂದು ಕರೆಯುವ ಪರೀಕ್ಷೆಯು ಎರಡು ನಿಮಿಷದಲ್ಲಿ ಮುಗಿಯಿತು. ಬ್ಯಾಟರಿಯ ಹಿಂದುಗಡೆ, ತಂತಿಗಳ ಕಟ್ಟಿನ ಕೆಳಭಾಗದಲ್ಲಿ, ಇಲಿಯ ಹಲ್ಲಿನ ಗುರುತು ಸಿಕ್ಕಿತು. ಅಲ್ಲಿಯೇ ಕಡಲೆಕಾಯಿಯ ಸಿಪ್ಪೆಯೂ ಸಿಕ್ಕಿತು. ಬೆಸುಗೆ ಹಾಕಿ ಟೇಪು ಸುತ್ತಿ ಮುನ್ನೂರು ರೂಪಾಯಿ ತೆಗೆದುಕೊಂಡನು. ಆರು ಸಾವಿರದ ಹೊಸ ಭಾಗವೂ ಒಳ್ಳೆಯದೇ. ಹಳೆಯದೂ ಒಳ್ಳೆಯದೇ ಆಗಿತ್ತು. ಪಿ-೦೧೧೩ರ ಪೂರ್ಣ ಅರ್ಥವು "ಗಾಳಿಯ ಶಾಖದ ಸೆನ್ಸಾರಿನ ಸರ್ಕಿಟ್ಟಿನಲ್ಲಿ ಅಳತೆ ಹೆಚ್ಚಾಗಿದೆ" ಎಂದು. ಸರ್ಕಿಟ್ಟೆಂದರೆ ಸೆನ್ಸಾರು, ತಂತಿ, ಪ್ಲಗ್ಗು, ಕಂಪ್ಯೂಟರು ಎಲ್ಲವೂ ಸೇರಿತು. ಆ ಒಂದು ಪದವನ್ನು ಬಿಟ್ಟು ಓದಿದುದರ ಬೆಲೆ ಆರು ಸಾವಿರ.

ಇನ್ನೊಂದು ಸಂಕೇತವು ಇದಕ್ಕಿಂತಲೂ ಹೆಚ್ಚು ಮನೆಗಳಲ್ಲಿ ಖರ್ಚು ತರಿಸುವುದು. ಪಿ-೦೧೭೧ ಎಂದರೆ ಇಂಧನಕ್ಕೆ ಗಾಳಿ ಮಿಕ್ಕಿದೆ, ಮಿಶ್ರಣ ತೆಳುವಾಗಿದೆ ಎಂದರ್ಥ. ಇದನ್ನು ವರದಿಮಾಡುವುದು ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸಾರು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂದು ನಾವೆಲ್ಲ ಕರೆಯುತ್ತಿದ್ದ ಕಾರ್ಖಾನೆಯ ಜರ್ಮನ್ ಮೂಲಸಂಸ್ಥೆಯಾದ ಬಾಷ್ ಕಂಪನಿಯು ೧೯೭೬ರಲ್ಲಿ ಇದನ್ನು ಮೊದಲು ಕಾರುಗಳಿಗೆ ಒದಗಿಸಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ಅದು ದೂತ. ಗಾಳಿಯು ಎಲ್ಲಿಯೋ ಬಿರುಕುಬಿಟ್ಟ ರಬ್ಬರು ಕೊಳವೆಯಿಂದ ನುಸುಳಿರಬಹುದು. ಪೆಟ್ರೋಲು ಪಂಪು ಬಲಗುಂದಿರಬಹುದು. ಇಂಧನವನ್ನು ಚಿಮುಕಿಸುವ ನಳಿಕೆಯು ಕಟ್ಟಿಕೊಂಡಿರಬಹುದು. ಗಾಳಿಯ ಅಳತೆಯ ತಂತಿಯ ಮೇಲೆ ನಮ್ಮ ರಸ್ತೆಯ ಕೆಂಧೂಳು ಕೂತಿರಬಹುದು. ದೂತನು ಸುದ್ದಿ ತಂದನೆಂದು ಅವನನ್ನೇ ಕಿತ್ತುಹಾಕಿ ಹೊಸ ದೂತನನ್ನು ನೇಮಿಸಿದರೆ ಅವನೂ ಅದೇ ಸುದ್ದಿಯನ್ನು ತರುವನು. ದೂತನು ಅವಧ್ಯನೆಂದು ವಿಭೀಷಣನು ಹೇಳಿದುದನ್ನು ಕೇಳಿ ಕೊಲ್ಲುವುದನ್ನು ಬಿಟ್ಟರೂ, ಬಾಲಕ್ಕೆ ಬೆಂಕಿಯಿಟ್ಟು ಲಂಕೆಯವರು ಏನನ್ನು ಸಂಪಾದಿಸಿದರೆಂಬುದು ಎಲ್ಲರಿಗೂ ತಿಳಿದಿದೆ. ಸೆನ್ಸಾರು ಕೆಡುವುದೇ ಇಲ್ಲವೆಂದು ಹೇಳುತ್ತಿಲ್ಲ, ಕೆಡುತ್ತದೆ. ಕೆಟ್ಟಿದೆಯೆಂದು ಪರೀಕ್ಷಿಸಿ ತೋರಿಸಬೇಕೆಂಬುದಷ್ಟೇ ನನ್ನ ವಾದ.

ಹಾಗೆ ತೋರಿಸುವ ಕ್ರಮಗಳಲ್ಲಿ ಅತ್ಯಂತ ಸುಲಭವಾದದ್ದು ಮೇಲೆ ಹೇಳಿದ ಉಪಶಯ. ಔಷಧವನ್ನೋ ಪಥ್ಯವನ್ನೋ ಕೊಟ್ಟು, ರೋಗವು ಅದಕ್ಕೆ ಹೇಗೆ ಓಗೊಡುವುದೆಂದು ನೋಡಿ ರೋಗವನ್ನು ಗುರುತಿಸುವ ವಿಧಾನವದು. ಪಿ-೦೩೦೧ ಬಂದಿತೆನ್ನಿ. ಪ್ರತಿಯೊಂದು ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ, ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಹಾಕಿ, ಸಂಕೇತವನ್ನು ಅಳಿಸಿ, ನಾಲ್ಕು ಮೈಲಿ ಓಡಿಸಬೇಕು. ಈಗ ಪಿ-೦೩೦೨ ಬಂದರೆ ರೋಗವು ಕಾಯಿಲಿನ ಜೊತೆಯಲ್ಲಿಯೇ ನಡೆದುಹೋಗಿದೆ, ಕಾಯಿಲನ್ನು ಕೊಳ್ಳಿ. ೦೩೦೧ ಅಲ್ಲಿಯೇ ನಿಂತಿದ್ದರೆ ಕಾಯಿಲು ನಿರ್ದೋಷಿ. ಸ್ಪಾರ್ಕ್ ಪ್ಲಗ್ಗು, ಇಂಧನದ ನಳಿಕೆ, ಸಿಲಿಂಡರಿನ ಒತ್ತಡ, ಇವನ್ನು ವಿಚಾರಿಸಬೇಕು. ಇದಕ್ಕೆ ತಗಲುವ ವೆಚ್ಚವು ಅರ್ಧ ಗಂಟೆಯ ಕೂಲಿ.

ಇವೆಲ್ಲ ನಿಂತು ಉರಿಯುವ ದೀಪದ ಮಾತಾಯಿತು. ದೀಪವು ಮಿಣುಕುತ್ತಿದ್ದರೆ ಅದು ಬೇರೆಯೇ ಮಾತು. ಇದನ್ನು ಮನೆಯಲ್ಲಿ ಗಾಡಿ ನಡೆಸುವ ಎಲ್ಲರಿಗೂ, ವಿಶೇಷವಾಗಿ ಹೊಸದಾಗಿ ಕಲಿತ ಮಕ್ಕಳಿಗೆ, ತಿಳಿಸಿರತಕ್ಕದ್ದು. ಮಿಣುಕುವುದೆಂದರೆ ಸಿಲಿಂಡರಿನಲ್ಲಿ ಹೊತ್ತದ ಪೆಟ್ರೋಲು ಹಾಗೆಯೇ ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆಯೆಂದರ್ಥ. ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಯುಳ್ಳ ಲೋಹಗಳ ಲೇಪವಿರುವ ಆ ಭಾಗವು ಸ್ವಭಾವತಃ ಬಿಸಿಯಾದದ್ದು. ಈ ಸ್ಥಿತಿಯಲ್ಲಿ ಕೆಂಪಗೆ ಕಾದು ಒಳಗೆ ಕರಗಿಯೂ ಹೋಗಬಹುದು. ವೇಗವನ್ನು ತಗ್ಗಿಸಿ, ಸುರಕ್ಷಿತವಾದ ಜಾಗ ಸಿಕ್ಕಿದೊಡನೆ ನಿಲ್ಲಿಸಬೇಕು. ಆ ಜಾಗದಲ್ಲಿ ಒಣಹುಲ್ಲು ಇರಕೂಡದು. ನಮ್ಮ ಕಡೆ ಸುಗ್ಗಿಯ ಕಾಲದಲ್ಲಿ ರಾಗಿ ಹುಲ್ಲನ್ನೂ ಹುರುಳಿ ಬಳ್ಳಿಯನ್ನೂ ಟಾರು ರಸ್ತೆಯ ಮೇಲೆಯೇ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ಪದ್ಧತಿಯುಂಟಷ್ಟೆ. ಆ ಬಳ್ಳಿಯು ಗಾಡಿಯ ಕೆಳಗೆ ಸುತ್ತಿಕೊಂಡು, ಬಿಸಿಯಾದ ಕೊಳವೆಗೆ ತಾಗಿ, ಕಾರು ಹೊತ್ತಿ ಉರಿದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ರೈತನ ಕಷ್ಟವನ್ನು ಬಲ್ಲೆನಾದರೂ ಈ ಪದ್ಧತಿಯನ್ನು ನಾನು ಒಪ್ಪಲಾರೆ.

ಮಿಸ್ಸಿಂಗನ್ನು ವಾಸಿಮಾಡದೆ ಬಹುಕಾಲ ಓಡಿಸಿದ ಗಾಡಿಯಲ್ಲಿ ಕೊನೆಗೆ ಪಿ-೦೪೨೦ ಬರುವುದುಂಟು: ಕನ್ವರ್ಟರು ತನ್ನ ಕೆಲಸವನ್ನು ಸಾಕಷ್ಟು ಮಾಡುತ್ತಿಲ್ಲ ಎಂದು. ಆಗ ಕನ್ವರ್ಟರನ್ನು ಮಾತ್ರ ಬದಲಾಯಿಸಿ ಮೂಲರೋಗವನ್ನು ಬಿಟ್ಟರೆ ಹೊಸದೂ ಅದೇ ಗತಿಗೆ ಹೋಗುವುದು.

ಮನೆಯಲ್ಲಿಯೇ ಸಂಕೇತವನ್ನು ಓದಲು ಬಯಸುವವರಿಗೆ ಸಾವಿರ ರೂಪಾಯಿಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಉಪಕರಣಗಳು ದೊರೆಯುತ್ತವೆ; ಸಾಕೆಟ್ಟಿಗೆ ಸಿಕ್ಕಿಸಿದರೆ ಅವು ಫೋನಿನೊಡನೆ ಮಾತನಾಡುತ್ತವೆ. ಎಲ್ಲ ಗಾಡಿಗೂ ಅವು ಹೊಂದುವುದಿಲ್ಲ. ಕೆಲಸ ಮುಗಿದ ಮೇಲೆ ಕಿತ್ತಿಡಬೇಕು. ಆ ಸಾಕೆಟ್ಟಿನಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುವುದರಿಂದ ನಿಂತ ಗಾಡಿಯ ಬ್ಯಾಟರಿಯನ್ನು ಅದು ಮೆಲ್ಲಗೆ ಹೀರುವುದು. ಒಂದೇ ಬೆಳಗ್ಗೆ ಹತ್ತಾರು ಸಂಕೇತಗಳು ಗುಂಪಾಗಿ ಬಂದರೆ ಗಾಬರಿಯಾಗದೆ ಮೊದಲು ಬ್ಯಾಟರಿಯನ್ನು ನೋಡಿರಿ. ಒಂದು ರಾತ್ರಿ ನಿಂತ ಒಳ್ಳೆಯ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರಿಸಬೇಕು. ಅದು ಸೊರಗಿದಾಗ ಒಳಗಣ ಕಂಪ್ಯೂಟರುಗಳೆಲ್ಲ ಒಂದರ ಮೇಲೊಂದು ದೂರು ಹೇಳುತ್ತವೆ. ಗ್ಯಾರೇಜಿಗೆ ಹೋಗುವ ಮುನ್ನ ಸಂಕೇತವನ್ನೂ ಓಡಿದ ಕಿಲೋಮೀಟರನ್ನೂ ದೀಪ ಹೊತ್ತಿದಾಗಿನ ಸಂದರ್ಭವನ್ನೂ (ಏರಿನಲ್ಲಿಯೋ, ಮಳೆಯಲ್ಲಿಯೋ, ಪೆಟ್ರೋಲು ತುಂಬಿಸಿದ ಮೇಲೋ) ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಭಾಗವನ್ನು ಬದಲಾಯಿಸಬೇಕೆಂದು ಅವರು ಹೇಳಿದಾಗ, "ಇದೇ ಕೆಟ್ಟಿದೆಯೆಂದು ಹೇಗೆ ನೋಡಿದಿರಿ?" ಎಂದು ಸೌಮ್ಯವಾಗಿ ಕೇಳಿ. ಬಲ್ಲವನು ಸಂತೋಷದಿಂದ ತೋರಿಸುವನು. ಬ್ರೇಕಿನ ಸವೆತ, ಟೈರಿನ ಬಿರುಕು, ಚಕ್ರದ ಕಟಕಟ ಶಬ್ದ, ಇವುಗಳಿಗೆ ಸಾಮಾನ್ಯವಾಗಿ ಸಂಕೇತವೇ ಇಲ್ಲವೆಂಬುದನ್ನೂ ಮರೆಯಕೂಡದು.

ಸಂಕೇತವನ್ನು ಅಳಿಸುವುದು ಒಂದು ಗುಂಡಿಯ ಕೆಲಸ. ದುರಸ್ತಿಗೆ ಮುಂಚೆ ಅಳಿಸಿದರೆ ದೀಪ ಆರುವುದು, ರೋಗ ಉಳಿಯುವುದು, ಜೊತೆಗೆ ಆ ಕ್ಷಣದ ಚಿತ್ರವೂ ಅಳಿದುಹೋಗುವುದು. ಹಳೆಯ ಕಾರುಗಳ ವ್ಯಾಪಾರದಲ್ಲಿ ಈ ಗುಂಡಿಗೆ ಬಹಳ ಕೆಲಸವುಂಟು. ಕೊಳ್ಳುವವರು ಮೊದಲು ಬೀಗದ ಕೈ ತಿರುಗಿಸಿ ಹಳದಿ ದೀಪ ಹೊತ್ತುವುದೇ ಎಂದು ನೋಡಬೇಕು. ಹೊತ್ತದಿದ್ದರೆ ಯಾರೋ ದೀಪವನ್ನೇ ಕುರುಡುಮಾಡಿರಬಹುದು. ಅನಂತರ ಸ್ಕ್ಯಾನರಿನಲ್ಲಿ ಸಂಕೇತಗಳನ್ನಲ್ಲದೆ ಇನ್ನೆರಡನ್ನು ನೋಡಬೇಕು. ಗಾಡಿಯು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೇ ಎಂಬುದು ಒಂದು. ಅಳಿಸಿದ ಮೇಲೆ ಆ ಪರೀಕ್ಷೆಗಳೆಲ್ಲ ಮತ್ತೆ ಮೊದಲಿಂದ ಆರಂಭವಾಗಬೇಕು, ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಸಂಕೇತಗಳನ್ನು ಅಳಿಸಿದ ಮೇಲೆ ಎಷ್ಟು ಕಿಲೋಮೀಟರು ಓಡಿದೆ ಎಂಬುದು ಇನ್ನೊಂದು. ಅನೇಕ ಗಾಡಿಗಳು ಇದನ್ನು ಎಣಿಸಿಟ್ಟುಕೊಂಡಿರುತ್ತವೆ. ನಿವೃತ್ತರಾದ ನನ್ನ ಸಹೋದ್ಯೋಗಿಗಳೊಬ್ಬರು ತಮ್ಮ ಭವಿಷ್ಯನಿಧಿಯ ಹಣದಿಂದ ಒಂದು ಹಳೆಯ ಕಾರನ್ನು ಕೊಳ್ಳಹೊರಟಾಗ, ಮಾರುವಾತನು "ಒಂದು ವರ್ಷದಿಂದ ಒಂದು ದೀಪ ಬಂದಿಲ್ಲ ಸ್ವಾಮಿ" ಎಂದು ಆಣೆಯಿಡುತ್ತಿದ್ದನು. ತಗಡಿನ ಚಪ್ಪರದ ಆ ಹುಡುಗನನ್ನೇ ಜೊತೆಯಲ್ಲಿ ಕರೆದೊಯ್ದಿದ್ದೆವು. ಅವನು ಏನೂ ಹೇಳದೆ ಫೋನನ್ನು ಸಹೋದ್ಯೋಗಿಗಳ ಮುಂದೆ ಹಿಡಿದನು. ಅಳಿಸಿದ ಮೇಲೆ ಓಡಿದ ದೂರ ಹನ್ನೊಂದು ಕಿಲೋಮೀಟರು. ಮಾರುವಾತನ ಊರಿಂದ ನಾವು ನಿಂತಿದ್ದ ಜಾಗಕ್ಕೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ.